ಎಡಕ್ಕೆ ಒಂದು ಬೆರಳು ಹೆಚ್ಚು

ಮೊನ್ನೆ ಮೊಮ್ಮಗನಿಗೊಂದು ಕೌದಿ ಹೊಲಿಯೋಣವೆಂದು ಹಳೆಯ ಟ್ರಂಕು ತೆಗೆದೆ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸುವ ಕೌದಿಗೆ ಖಣದ ಚೂರು ಬಿದ್ದರೆ ಅದರ ಕಳೆಯೇ ಬೇರೆ. ಡಾಂಬರು ಗುಳಿಗೆಯ ವಾಸನೆಯ ಜೊತೆ ಒಂದು ಹಸಿರು ಖಣದ ಜಂಪರು ಕೈಗೆ ಬಂತು. ಹೊಲಿಗೆ ಬಿಚ್ಚಲು ಬ್ಲೇಡು ಹಿಡಿದವಳು ಹಾಗೇ ಕುಳಿತೆ. ಎದೆಯ ಎಡಭಾಗ ಬಲಕ್ಕಿಂತ ಒಂದು ಬೆರಳು ಅಗಲ. ಬೇರೆ ಯಾರಾದರೂ ಹೊಲಿದಿದ್ದರೆ ನಗುತ್ತಾ ಓಣಿಗೆಲ್ಲ ತೋರಿಸುತ್ತಿದ್ದೆ. ಹೊಲಿದವಳು ನಾನೇ, ಅದೂ ಬೇಕೆಂದೇ. ಹೊಲಿದ ದಿನ ಹೆಮ್ಮೆಪಟ್ಟಿದ್ದೆ ಬೇರೆ.

ನಾವು ಬೆಟಗೇರಿಯ ದರ್ಜಿಗಳು. ನಮ್ಮ ಮನೆಯವರು ಮುಂದಿನ ಅಂಗಡಿಯಲ್ಲಿ ಅಂಗಿ ಪಾಯಿಜಾಮ ಹೊಲಿಯುತ್ತಿದ್ದರು, ನಾನು ಪರದೆಯ ಹಿಂದೆ ಮಶೀನು ಹಾಕಿಕೊಂಡಿದ್ದೆ. ಆಗ ಹೆಂಗಸರು ಗಂಡಸು ದರ್ಜಿಯ ಮುಂದೆ ಟೇಪಿಗೆ ನಿಲ್ಲುತ್ತಿರಲಿಲ್ಲ. ಮೈಗೆ ಸರಿಯಾಗಿ ಕೂಡುವ ಹಳೆಯದೊಂದನ್ನು ಚೀಲದಲ್ಲಿ ಸುತ್ತಿ ಕಳಿಸುವರು. ಅದು ಅಳತೆ ಜಂಪರು. ನನ್ನ ಹತ್ತಿರ ಮಾತ್ರ ಸ್ವತಃ ಬಂದು ನಿಲ್ಲುತ್ತಿದ್ದರು. ಆಪಾ, ಅಂದರೆ ಅಕ್ಕ, ಎಂದು ಕರೆದು ಅತ್ತೆಗೆ ಹೇಳದ್ದನ್ನೂ ನನಗೆ ಹೇಳುತ್ತಿದ್ದರು. ‘ಆಪಾನ ಕೈಯಾಗಿನ ಜಂಪರಿಗೆ ಸುಕ್ಕು ಬೀಳಂಗಿಲ್ಲ’ ಅನ್ನುವ ಮಾತು ಶಿರಹಟ್ಟಿಯವರೆಗೂ ಹೋಗಿತ್ತು. ತಾನಾಗಿ ಹೋಗಿತ್ತೋ, ನಾನೇ ಕಳಿಸಿದ್ದೆನೋ, ಈಗ ಯಾರು ಕೇಳಬೇಕು!

ಎಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ಶಾರದಾಬಾಯಿ ಬಂದರು. ತವರು ಲಕ್ಷ್ಮೇಶ್ವರ. ಗಂಡ ಮುಂಬೈಯ ನೌಕರಿ ಬಿಟ್ಟು ಬಂದು ನಮ್ಮ ಓಣಿಯ ತುದಿಗೆ ಸೀರೆ ಅಂಗಡಿ ಇಟ್ಟಿದ್ದ. ಸಣಕಲು ಮೈ, ತೆಳ್ಳಗಿನ ಭುಜ, ಆದರೆ ಎದೆಯ ಅಳತೆ ಭುಜದ ಅಳತೆಗೆ ಹೊಂದುವುದೇ ಇಲ್ಲ. ನಾನು ಟೇಪನ್ನು ಎರಡನೆಯ ಸಲ ಸುತ್ತಿದಾಗ ಅವರ ಮುಖ ಕೆಂಪಾಯಿತು.

“ಇದು ದೇವರು ಕೊಟ್ಟದ್ದಲ್ರಿ ಆಪಾ,” ಅಂದರು. “ಮುಂಬೈದಾಗ ನಮ್ಮವರು ಡಾಕ್ಟರ ಕಡೆ ಕರಕೊಂಡು ಹೋಗಿ ಇಡಿಸ್ಯಾರ. ಸಿಲಿಕಾನಿನ ಚೀಲ ಅಂತ. ಹಲಗಿ ಹಲಗಿ ಅಂತ ಕಾಡ್ತಿದ್ರು. ನಮ್ಮವ್ವಗೂ ಗೊತ್ತಿಲ್ಲ.”

ಯಾರಿಗೂ ಹೇಳುವುದಿಲ್ಲವೆಂದು ಆಣೆ ಇಟ್ಟೆ. ಆಣೆ ಮುರಿಯಲಿಲ್ಲ, ಅದೊಂದು ನಿಜ. ಅವರು ಹೋದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಒಬ್ಬಳೇ ನಕ್ಕದ್ದೂ ನಿಜ. ಇಷ್ಟು ವರ್ಷವಾದರೂ ಆ ನಗೆ ನೆನೆದರೆ ಮೈ ಹಿಡಿಯಾಗುತ್ತದೆ.

ಎರಡು ಮೂರು ವರ್ಷ ಎಲ್ಲ ಸರಿಯಿತ್ತು. ಒಂದು ದಿನ ಬಂದು, “ಎಡಗಡೆ ಯಾಕೋ ಹಿಡೀತೈತ್ರಿ” ಅಂದರು. ಒಳಗೆ ಮಡಚಿಟ್ಟ ಬಟ್ಟೆ ಇದ್ದೇ ಇರುತ್ತದಲ್ಲ, ಹೊಲಿಗೆ ಬಿಚ್ಚಿ ಒಂದು ನೂಲಿನಷ್ಟು ಸಡಿಲಿಸಿದೆ. ನಾಲ್ಕು ತಿಂಗಳಿಗೆ ಮತ್ತೆ ಬಂದರು. ಈ ಸಲ ಟೇಪು ಹಿಡಿದಾಗ ಕೈಗೆ ತಾಗಿತು. ಬಲಗಡೆ ಮೆತ್ತಗೆ, ಎಡಗಡೆ ಕಾಯಿ ಪೇರಲದ ಹಾಗೆ ಗಟ್ಟಿ. ಬಲಕ್ಕಿಂತ ಮೇಲೇರಿ ಕುಳಿತಿತ್ತು ಕೂಡ. ತಪ್ಪು ಬಟ್ಟೆಯದಲ್ಲ, ಒಳಗಿನ ಚೀಲದ್ದು ಎಂದು ನನಗೆ ಗೊತ್ತಾಯಿತು. ನೀವು ನಂಬಿ, ಆ ಗಳಿಗೆಯಲ್ಲೇ ಗೊತ್ತಾಯಿತು.

“ಏನಾರ ಫರಕ ಐತೇನ್ರಿ ಆಪಾ?” ಅಂತ ಕೇಳಿದರು. ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಏನಿಲ್ರಿ. ಖಣ ನೀರಿಗೆ ಬಿದ್ರ ಕುಗ್ಗತೈತಿ,” ಅಂದೆ.

ಆಮೇಲಾಮೇಲೆ ಬಂದಾಗಲೆಲ್ಲ ಮೈ ಭಾರ ಅನ್ನುವರು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು, ಜಂಪರಿನ ಹುಕ್ಕು ಹಾಕಲಾಗದು, ಸಂಜೆಗೆ ಸಣ್ಣ ಜ್ವರ, ತಲೆ ಬಾಚಿದರೆ ಹಿಡಿ ಕೂದಲು. ಗದಗಿನ ಡಾಕ್ಟರು ಅಶಕ್ತತನವೆಂದು ಟಾನಿಕ್ ಕೊಡುತ್ತಿದ್ದರು. ಅವರಾದರೂ ಏನು ಮಾಡಿಯಾರು, ಚೀಲದ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲ.

“ಡಾಕ್ಟರ ಮುಂದ ಅದನ್ನ ಹೇಳಿಬಿಡ್ಲೇನ್ರಿ?” ಅಂತ ಒಂದು ದಿನ ಕೇಳಿದರು.

“ಹುಚ್ಚು ಹಿಡದೈತೇನ್ರಿ?” ಅಂದೆ ನಾನು. “ಬೆರಳ ನೋವಿಗೂ ಅದಕ್ಕೂ ಏನ್ ಸಂಬಂಧ? ಕಂಪೌಂಡರನ ಕಿವಿಗೆ ಬಿತ್ತಂದ್ರ ಸಂಜಿಮಟ ಬೆಟಗೇರಿ ತುಂಬ ಖಬರ ಆಕ್ಕೈತಿ. ಸುಮ್ನಿರ್ರಿ. ನಾ ಎಲ್ಲಾ ಸರಿ ಮಾಡತೀನಿ.”

ಮಾಡಿದೆ. ಈ ಹಸಿರು ಖಣ ಆವಾಗಿನದು. ಎದೆಯ ಉಬ್ಬಿಗೆ ಹಿಡಿಯುವ ಮಡಿಕೆ ಇರುತ್ತದಲ್ಲ, ಎಡಕ್ಕೊಂದು ಟಕ್ಕು, ಬಲಕ್ಕೊಂದು ಬೇರೆ ಟಕ್ಕು, ಬಲಗಡೆ ಒಳಗೆ ಎರಡು ಪದರ ಅಸ್ತರ. ಬೆರಳಿಗೆ ಸುಲಭವಾಗಲೆಂದು ಹುಕ್ಕಿನ ಬದಲು ಮುಂದೆ ಗಂಟು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. “ಎರಡೂ ಒಂದ ಸಮ ಕಾಣ್ತಾವ್ರಿ ಆಪಾ!” ಅಂದವರ ಕಣ್ಣಲ್ಲಿ ನೀರು. ನನಗೋ, ನನ್ನ ಕೈಗೆ ನಾನೇ ಮುತ್ತು ಕೊಟ್ಟುಕೊಳ್ಳುವಷ್ಟು ಸಂತೋಷ.

ಆ ಜಂಪರನ್ನೂ ಎರಡು ಸಲ ಬಿಚ್ಚಿ ಸಡಿಲಿಸಬೇಕಾಯಿತು. ಕಡೆಗೊಮ್ಮೆ ಎಡಗಡೆ ಕೆಂಪಾಗಿ ಬಾತು ಜ್ವರ ಏರಿದಾಗ ಮುಂಡರಗಿಯಿಂದ ಅವರ ತಂಗಿ ಬಂದು ಹುಬ್ಬಳ್ಳಿಗೆ ಕರೆದೊಯ್ದಳು. ಎರಡೂ ಚೀಲ ತೆಗೆದರು. ಎಡಗಡೆಯದು ಒಳಗೇ ಒಡೆದಿತ್ತಂತೆ.

ಎರಡು ತಿಂಗಳ ಮೇಲೆ ಶಾರದಾಬಾಯಿ ಆ ಹಸಿರು ಜಂಪರು ಹಿಡಿದು ನನ್ನ ಕೋಣೆಗೆ ಬಂದು ಕುಳಿತರು. ಎದೆ ಸಪಾಟಾಗಿತ್ತು, ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಮೈಕೈ ನೋವು ಅದರಿಂದಲೇ ಬಂದದ್ದೆಂದು ಹುಬ್ಬಳ್ಳಿಯ ಡಾಕ್ಟರಮ್ಮ ಖಾತ್ರಿಯಾಗಿ ಹೇಳಲಿಲ್ಲವಂತೆ. ಆದರೆ ಒಂದು ಕಡೆ ಗಟ್ಟಿಯಾಗಿ ಆಕಾರ ಬದಲಾದ ದಿನವೇ ತೋರಿಸಬೇಕಿತ್ತು ಅಂದರಂತೆ.

“ಎಷ್ಟ ದಿನದಿಂದ ಹಿಂಗ ಐತಿ ಅಂತ ಕೇಳಿದ್ರು. ನನಗ ನೆನಪಾಗಲಿಲ್ರಿ. ಮೈಮ್ಯಾಲ ಇದ ಜಂಪರ್ ಇತ್ತಲ್ಲ, ತಿರುವಿ ನೋಡಿದ್ರು. ಬಿಚ್ಚಿದ ಹೊಲಿಗಿಯ ಗುರುತು ಎಣಿಸಿದ್ರು. ‘ಇದನ್ನ ಹೊಲದಾಕಿಗೆ ಮೊದಲ ಗೊತ್ತಿತ್ತಲ್ಲ’ ಅಂದ್ರು.”

ಮಶೀನು ತುಳಿಯುತ್ತಿದ್ದ ನನ್ನ ಕಾಲು ನಿಂತುಬಿಟ್ಟಿತು.

“ನಾ ಅಂದೆ, ಇಲ್ರಿ ಬಾಯಾರ, ಆಕಿಗೆ ಗೊತ್ತಾಗಿದ್ರ ನನಗ ಹೇಳ್ದ ಇರ್ತಿರಲಿಲ್ಲ ಅಂತ.”

ಇಷ್ಟು ಹೇಳಿ ಜಂಪರನ್ನು ನನ್ನ ಮಶೀನಿನ ಮೇಲಿಟ್ಟರು. ಹೊಸ ಅಳತೆ ತೆಗೆದುಕೊಳ್ಳಿ ಅಂದರು. ನಾನು ತೆಗೆದುಕೊಂಡೆ. ಹೌದು, ಗೊತ್ತಿತ್ತು ಅನ್ನಲು ಒಂದು ಉಸಿರು ಸಾಕಿತ್ತು. ನನ್ನ ಬಾಯಿಂದ ಬಂದದ್ದು, ‘ತೋಳು ಎಷ್ಟು ಉದ್ದ ಇಡಲ್ರಿ?’ ಅನ್ನುವ ಮಾತು.

ಮೊನ್ನೆ ಸೊಸೆ ಜಂಪರನ್ನು ಎತ್ತಿ ಹಿಡಿದು, “ಅಮ್ಮಿ, ಇದ್ಯಾಕ ಹಿಂಗ ವಾರಿ ಐತಿ?” ಅಂತ ನಕ್ಕಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಕೈಗೆ ತಾಗಿದ್ದನ್ನೂ ಬಿಡದೆ. ಅವಳು ನಗು ನಿಲ್ಲಿಸಿ ಒಂದೇ ಮಾತು ಕೇಳಿದಳು: “ಅವರಿಗೆ ಹೇಳಿದ್ರೇನು?”

ಶಾರದಾಬಾಯಿ ಈಗ ಲಕ್ಷ್ಮೇಶ್ವರದಲ್ಲಿದ್ದಾರೆ. ಸೊಸೆಯೇ ನಂಬರು ಒತ್ತಿ ಫೋನು ನನ್ನ ಕೈಗಿಟ್ಟಳು.

“ಬಾಯಾರ, ಆ ಹಸರ ಖಣದ ಜಂಪರು... ನನಗ ಮೊದಲ ಗೊತ್ತಿತ್ರಿ.”

ಇರಲಿ ಬಿಡ್ರಿ ಅನ್ನುತ್ತಾರೆಂದು ಕಾದೆ. ಅನ್ನಲಿಲ್ಲ.

“ಅದನ್ನ ಇನ್ನೂ ಇಟ್ಟೀರೇನು?” ಅಂತ ಕೇಳಿದರು.

“ಐತ್ರಿ. ಕೌದಿಗೆ ಬಿಚ್ಚಾಕ ಕುಂತಿದ್ದೆ.”

“ಬಿಚ್ಚಬ್ಯಾಡ್ರಿ,” ಅಂದರು ಶಾರದಾಬಾಯಿ. “ಒಂದ ಹೊಲಿಗಿನೂ ಬಿಚ್ಚಬ್ಯಾಡ್ರಿ.”

ಮೊಮ್ಮಗನ ಕೌದಿಯಲ್ಲಿ ಹಸಿರು ತುಂಡು ಇಲ್ಲ. ಜಂಪರು ಮಶೀನಿನ ಎದುರಿನ ಮೊಳೆಯಲ್ಲಿದೆ, ಬಿಚ್ಚಿದ ಹೊಲಿಗೆಯ ಗುರುತುಗಳು ಕಾಣುವಂತೆ ಒಳಮಗ್ಗಲು ಹೊರಗೆ ಮಾಡಿ ತೂಗುಹಾಕಿದ್ದೇನೆ.