ಹಡಗು ಹತ್ತದ ಶೇಂಗಾ

ಕತ್ತಲೆ ಕೋಣೆಯಲ್ಲಿ ಬೂದೆಪ್ಪನವರ ಹಲ್ಲುಗಳು ಮಾತ್ರ ಕಾಣುತ್ತಿದ್ದವು. ಹಲ್ಲು, ಉಗುರು, ಮತ್ತು ಒಗೆದ ಬಿಳಿ ಅಂಗಿ. ಮುಖ ಇಲ್ಲ, ಕೈ ಇಲ್ಲ, ಕಾಲಂತೂ ಇಲ್ಲವೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಬಾಗಿಲು ಹಾಕಿ ನೇರಳೆ ದೀಪ ಹಚ್ಚಿದರು. ಗಾಳಿಯಲ್ಲಿ ತೇಲುತ್ತಿದ್ದ ಆ ಹಲ್ಲುಗಳು ನನ್ನ ಕಡೆ ತಿರುಗಿ, “ಹೆದರಬ್ಯಾಡ ತಂಗಿ, ನಾನೇ ಅದೀನಿ” ಎಂದವು. ನಾನು ಬಿ.ಎಸ್ಸಿ. ಓದಿದವಳು, ಈ ನೇರಳಾತೀತ ಬೆಳಕಿನ ಗುಣವನ್ನು ಪುಸ್ತಕದಲ್ಲಿ ಓದಿದ್ದೆ. ಆದರೂ ಕೈ ತನ್ನಷ್ಟಕ್ಕೆ ಬಾಗಿಲ ಚಿಲಕ ಹುಡುಕುತ್ತಿತ್ತು.

ಅದು ಎಪ್ಪತ್ತರ ದಶಕದ ಕೊನೆ. ರಾಯಚೂರಿನ ಗೂಡ್ಸ್ ಶೆಡ್ಡಿನ ಹಿಂದೆ ನಮ್ಮ ಕಚೇರಿ. ಪರದೇಶಕ್ಕೆ ಹೋಗುವ ಶೇಂಗಾಕಾಳನ್ನು ಪರೀಕ್ಷಿಸಿ, ತಿನ್ನಲು ಯೋಗ್ಯವೆಂದು ಸರ್ಟಿಫಿಕೇಟ್ ಕೊಡುವುದು ನಮ್ಮ ಕೆಲಸ. ಅದಿಲ್ಲದೆ ಚೀಲಗಳು ಬಂದರು ಮುಟ್ಟಿದರೂ ಹಡಗು ಹತ್ತುತ್ತಿರಲಿಲ್ಲ. ಶೇಂಗಾಕ್ಕೆ ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಬಿಡುವ ವಿಷ ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ, ವರ್ಷಗಟ್ಟಲೆ ತಿಂದವರ ಯಕೃತ್ತನ್ನು ಮೆಲ್ಲಗೆ ತಿನ್ನುತ್ತದೆ. ಕಾಳನ್ನು ಅರೆದು, ಅದರ ಸಾರ ತೆಗೆದು, ಗಾಜಿನ ಹಲಗೆಯ ಮೇಲೆ ಹನಿ ಇಟ್ಟು ಆ ದೀಪದ ಕೆಳಗೆ ಹಿಡಿದರೆ ವಿಷವಿದ್ದಲ್ಲಿ ನೀಲಿ ಚುಕ್ಕೆ ಹೊಳೆಯುತ್ತದೆ. ಅಂಥ ನೀಲಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಹಮಾಲರು ಆ ಕೋಣೆಗೆ ದೆವ್ವದ ಖೋಲಿ ಎಂದು ಹೆಸರಿಟ್ಟಿದ್ದರು.

ಬೂದೆಪ್ಪನವರು ಇನ್ಸ್‌ಪೆಕ್ಟರು. ಕುರ್ಡಿ ಎಂಬ ಹಳ್ಳಿಯ ಕಡೆಯವರು, ಒಣಕಲು ದೇಹ, ಮಾತು ಕಡಿಮೆ. ಚೀಲದ ಬಾಯಿ ಬಿಚ್ಚಿಸಿ ಮೊಳಕೈವರೆಗೆ ತೋಳನ್ನು ಒಳಗಿಳಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ “ಇದು ಆರಾಮ ಅದ” ಎನ್ನುವರು, ಇಲ್ಲವೇ “ಇದಕ್ಕ ಜ್ವರ ಬಂದದ” ಎನ್ನುವರು. ಹೋಟೆಲಿನಲ್ಲಿ ಮಂಡಕ್ಕಿಯ ‘ಮಂಡಾಳ ಒಗ್ಗರಣಿ’ ತರಿಸಿದರೆ ಒಂದೊಂದೇ ಶೇಂಗಾ ಹೆಕ್ಕಿ, ಸೀಳಿ, ಹೊಟ್ಟೆ ನೋಡಿ, ಮೂಸಿ, ಬಹಳಷ್ಟನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಅವರ ತಟ್ಟೆ ಖಾಲಿಯಾಗುವಷ್ಟರಲ್ಲಿ ನನಗೆ ಮತ್ತೊಮ್ಮೆ ಹಸಿವಾಗುತ್ತಿತ್ತು.

ಒಮ್ಮೆ ದೇವದುರ್ಗದ ಸಾಹುಕಾರರೊಬ್ಬರು ಶೇಂಗಾ ಒಣಗಿಸಿ ಸುಲಿಸುವ ಅಂಗಳಕ್ಕೆ ಮಾದರಿ ತೆಗೆಯಲು ಹೋದೆವು. ನಮ್ಮ ಕಡೆ ಶೇಂಗಾ ಸುಲಿಯುವ ಮುಂಚೆ ಕಾಯಿಗೆ ನೀರು ಚಿಮುಕಿಸುವ ರೂಢಿ. ಸಿಪ್ಪೆ ಮೆತ್ತಗಾಗಿ ಕಾಳು ಒಡೆಯದೆ ಇಡಿಯಾಗಿ ಬರುತ್ತದೆ, ತೂಕವೂ ಬರುತ್ತದೆ. ಬೂದೆಪ್ಪನವರು ಚೀಲದಿಂದ ತೋಳು ಹೊರತೆಗೆದರು. ಚಳಿಗಾಲದ ಮುಂಜಾನೆ, ಆ ತೋಳಿನಿಂದ ಸಣ್ಣಗೆ ಹಬೆ ಏಳುತ್ತಿತ್ತು. ಚೀಲದೊಳಗೆ ಏನೋ ಉಸಿರಾಡುತ್ತಿದೆ ಎನಿಸಿ ನಾನು ಹಿಂದೆ ಸರಿದೆ.

“ನೀರು ಹೊಡದೀರಿ” ಎಂದರು.

“ನಮ್ಮಪ್ಪನ ಕಾಲದಿಂದ ಹೊಡಿತೀವ್ರಿ. ಇಲ್ಲಂದ್ರ ಕಾಳು ಒಡೀತಾವ.”

“ಹೊಡೀರಿ. ಹಡಗು ಮಾತ್ರ ಹತ್ತೂದಿಲ್ಲ.”

ಸಾಹುಕಾರರು ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರು ನಕ್ಕುಬಿಟ್ಟರು. “ಬಿಡ್ರಿ, ಊರಾಗ ಹೋಗತಾವ” ಎಂದು ನಮಗೆ ಚಹಾ ತರಿಸಿದರು.

ಬಸ್ಸಿನಲ್ಲಿ ಬೂದೆಪ್ಪನವರು ತೋಳಿಗೆ ಅಂಟಿದ ಸಿಪ್ಪೆ ಒರೆಸಿಕೊಳ್ಳುತ್ತ ಕೂತಿದ್ದರು. ರಾಯಚೂರು ಹತ್ತಿರವಾದಾಗ, “ಊರಾಗ ಅಂದ್ರ ಎಲ್ಲಿಗಿ ತಂಗಿ?” ಎಂದು ಕೇಳಿದರು.

ಅದಕ್ಕೆ ಉತ್ತರ ನಮಗೆ ಮಾನ್ವಿಯಲ್ಲಿ ಸಿಕ್ಕಿತು. ಅಲ್ಲಿಯ ಒಂದು ಅಂಗಳದ ಮಾಲಿನಲ್ಲಿ ನೀಲಿ ಚುಕ್ಕೆ ಕಂಡು ಬೂದೆಪ್ಪನವರು ಒಮ್ಮೆ ವಾಪಸು ಕಳಿಸಿದ್ದರು. ಆಮೇಲೆ ಹೆಂಗಸರು ಕೂತು ಒಂದೊಂದೇ ಕಾಳು ಆರಿಸಿ, ಕಪ್ಪಾದದ್ದು, ಸುಕ್ಕಾದದ್ದು, ಮುಗ್ಗಿದ್ದು ಎಲ್ಲ ತೆಗೆದಿದ್ದರು. ಈ ಸಲ ಗಾಜಿನ ಹಲಗೆ ನಿಷ್ಕಳಂಕವಾಗಿತ್ತು. ಚೀಲಗಳಿಗೆ ಸೀಸದ ಮುದ್ರೆ ಒತ್ತಲು ಹೋದ ದಿನ ಬೂದೆಪ್ಪನವರು ಎಂದಿಲ್ಲದ ಖುಷಿಯಲ್ಲಿದ್ದರು. ಆರಿಸಿದ ಹೆಂಗಸರಲ್ಲಿ ಅವರ ಅಕ್ಕ ಈರಮ್ಮನೂ ಇದ್ದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿ, ಶಾಲೆ ಕಲಿಸಿದವಳು ಅವಳೇ.

ಅವತ್ತು ಊಟಕ್ಕೆ ಈರಮ್ಮನ ಮನೆಗೆ ಹೋದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಬೂದೆಪ್ಪನವರು ಹಿಂಡಿಯನ್ನು ನಾಲಿಗೆಗೆ ಹಚ್ಚಿ ತಟ್ಟನೆ ಉಣ್ಣುವುದು ನಿಲ್ಲಿಸಿದರು.

“ಕಾಳು ಎಲ್ಲಿವು ಅಕ್ಕಾ?”

“ನಮ್ಮ ಅಂಗಳದ್ದು. ಆರಿಸಿದ್ದರಾಗ ಉಳಿದದ್ದು ನಮಗ ಬಿಡತಾರಲ್ಲ. ದಿನಾ ಸಂಜಿಗಿ ಎಲ್ಲಾರೂ ಉಡಿ ತುಂಬ ತರತೀವಿ. ಈ ಸಲ ರಗಡ ಸಿಕ್ಕಾವ ನೋಡು. ಯಾರೋ ಸಾಹೇಬ ಭಾಳ ಬಿಗಿ ಮಾಡ್ಯಾನಂತ.”

ತಮ್ಮ ಚೀಲಕ್ಕೆ ಮುದ್ರೆ ಒತ್ತುವವನೆಂದಷ್ಟೇ ಅವಳಿಗೆ ಗೊತ್ತು, ಆ ಸಾಹೇಬ ಅವನೇ ಎಂಬುದು ಹೊಳೆದಿರಲಿಲ್ಲ. ಬೂದೆಪ್ಪನವರು ಒಂದು ಚಿಟಿಕೆ ಹಿಂಡಿಯನ್ನು ಕಾಗದದಲ್ಲಿ ಕಟ್ಟಿಕೊಂಡರು. ಮರುದಿನ ಕತ್ತಲೆ ಕೋಣೆಯಲ್ಲಿ ಅದರ ಸಾರದ ಹನಿ ಹೇಗೆ ಬೆಳಗಿತೆಂದರೆ, ಅಷ್ಟು ದಿನ ಅಲ್ಲಿ ಕಾಣದಿದ್ದ ಅವರ ಮುಖದ ಗೆರೆಗಳು ಆ ನೀಲಿಯಲ್ಲಿ ಕಂಡ ಹಾಗಾಯಿತು. ನನಗೆ ಅವರ ಮುಖ ನೋಡಲು ಭಯವಾಯಿತು.

ಅಕ್ಕನನ್ನು ರಾಯಚೂರಿಗೆ ಕರೆಸಿ ಅದೇ ಹಲಗೆ ತೋರಿಸಿದರು. ಈರಮ್ಮ ಕತ್ತಲಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದಳು.

“ಅಯ್ಯ ನನ ತಮ್ಮಾ, ಎಷ್ಟು ಛಲೋ ಬೆಳಗತದೋ!”

“ಕೈ ಮುಗೀಬ್ಯಾಡ ಅಕ್ಕಾ. ಅದು ವಿಷ. ನಿನ್ನ ಮನಿ ಹಿಂಡಿ ಅದು.”

“ವಿಷ ಇಷ್ಟು ಚಂದ ಇರತದೇನು? ಬುದ್ಧಿ ಬಂದಾಗಿಂದ ತಿನ್ನಾಕತ್ತೀನಿ. ನಿನಗೂ ಅದನ್ನೇ ಉಣಿಸಿ ದೊಡ್ಡಾಂವನ ಮಾಡೀನಿ. ನೀ ಸತ್ತಿಯೇನು?”

ಬೂದೆಪ್ಪನವರು ದೀಪ ಆರಿಸಿ ಬಾಗಿಲು ತೆರೆದರು.

ಅವಳು ಹೋದ ಮೇಲೆ ಬೂದೆಪ್ಪನವರು ಹೇಳಿದರು: “ನಾ ಎಷ್ಟು ಬಿಗಿ ಮಾಡತೀನೋ ಅವರು ಅಷ್ಟು ಆರಿಸತಾರ. ಎಷ್ಟು ಆರಿಸತಾರೋ ಅಷ್ಟೂ ಅವರ ಉಡಿಗಿ ಹೋಗತದ. ಸಡಿಲ ಬಿಟ್ರ ಪರದೇಶದ ಮಂದಿ ತಿಂತಾರ. ಹೆಂಗ ಮಾಡ್ಲಿ ಹೇಳು?” ನಿಯಮದಲ್ಲಿ ಹೋಗುವ ಕಾಳಿನ ಬಗ್ಗೆ ಎಲ್ಲವೂ ಇತ್ತು. ಉಳಿಯುವ ಕಾಳಿನ ಬಗ್ಗೆ ಒಂದು ಮಾತೂ ಇರಲಿಲ್ಲ.

ಮುಂದಿನ ವಾರ ಅವರು ಮಾನ್ವಿಯ ಅಂಗಳಕ್ಕೆ ಹೋಗಿ, ಆರಿಸಿ ತೆಗೆದ ಗುಡ್ಡೆಗೆ ಸೀಮೆಎಣ್ಣೆ ಸುರಿದರು. ಹೆಂಗಸರು ಹಿಡಿಹಿಡಿ ಮಣ್ಣು ತೂರಿ ಶಾಪ ಹಾಕಿದರು. ಎಲ್ಲರಿಗಿಂತ ಮುಂದೆ ಬಂದವಳು ಈರಮ್ಮ. “ಹಡಗಿನವರಿಗಷ್ಟೇ ಹೊಟ್ಟಿ ಅದ ಏನೋ? ತಿನ್ನೂದಕ್ಕ ಎಣ್ಣಿ ಹಾಕಿದೆಲ್ಲೋ, ನಿನ್ನ ಕೈ ಸೇದಲಿ!” ಎಂದು ಅತ್ತಳು. ಬೂದೆಪ್ಪನವರು ಡಬ್ಬಿ ಹಿಡಿದುಕೊಂಡೇ ನಿಂತಿದ್ದರು. ನನಗೆ ಯಾರ ಪರ ನಿಲ್ಲಬೇಕೋ ತಿಳಿಯದೆ ಅಳು ಬಂತು. ದಿನವೂ ಸೀಮೆಎಣ್ಣೆ ಸುರಿಯಲು ಆಗುತ್ತದೆಯೇ? ಮರುದಿನ ಉಡಿಗಳು ಮತ್ತೆ ತುಂಬಿದವು.

ಎಂಬತ್ತರ ದಶಕದ ಮೊದಲಲ್ಲಿ ಈರಮ್ಮ ಹೊಟ್ಟೆ ಉಬ್ಬಿ, ಮೈ ಹಳದಿಯಾಗಿ ತೀರಿಕೊಂಡಳು. ಆ ಕಾಳಿನಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಬೂದೆಪ್ಪನವರು ಯಾರನ್ನೂ ಕೇಳಲೂ ಇಲ್ಲ. ನೌಕರಿ ಬಿಟ್ಟು ಮಾನ್ವಿಗೆ ಹೋಗಿ ಅಕ್ಕನ ಮನೆಯಲ್ಲೇ ಉಳಿದರು.

ಒಮ್ಮೆ ನೋಡಲು ಹೋದೆ. ಸಂಜೆ ಅಂಗಳ ಬಿಟ್ಟ ಹೆಂಗಸರು ಮನೆಯ ಮುಂದೆ ಸಾಲಾಗಿ ನಿಂತಿದ್ದರು. ಒಬ್ಬೊಬ್ಬಳೂ ಒಳಗೆ ಬಂದು ಈರಮ್ಮ ಮಲಗುತ್ತಿದ್ದ ಮೂಲೆಯಲ್ಲಿ ಉಡಿ ಬಿಚ್ಚಿ ಕರಿಕಾಳು ಸುರಿಯುವಳು. ಬೂದೆಪ್ಪನವರು ಕುರ್ಡಿಯ ತಮ್ಮ ಹೊಲದ ಜೋಳವನ್ನು ಸೇರಿಗೆ ಸೇರು ಅಳೆದು ಅದೇ ಉಡಿಗೆ ಹಾಕುವರು. ರಾಶಿಯನ್ನು ಹಿತ್ತಲ ಗುಂಡಿಯಲ್ಲಿ ಸುಡುತ್ತಿದ್ದರು. ಅಕ್ಕನ ಆತ್ಮಕ್ಕೆ ದಿನಾ ಉಣಿಸುತ್ತಾನೆಂದು ಓಣಿಯವರ ಮಾತು.

“ಹೊಲದ ಜೋಳ ಎಷ್ಟು ದಿನ ಬರ್ತದ ಅಣ್ಣಾರ?” ಎಂದೆ.

“ನಾ ಇರೂ ತನಕ ಬರತದ.” ಅವರು ತಲೆಯೆತ್ತಿದರು. ಕಣ್ಣಿನ ಬಿಳಿ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ನಾನು ಕಂಡದ್ದು ಅವರಿಗೆ ತಿಳಿಯಿತು. “ನೋಡಿದೆಲ್ಲ? ಇರಲಿ. ಚಹಾ ಕುಡಿ” ಎಂದರು. ಅದೇ ಕೊನೆಯ ಭೇಟಿ.

ಸುದ್ದಿ ನನಗೆ ತಡವಾಗಿ ಸಿಕ್ಕಿತು. ಮಾನ್ವಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಮನೆಗೆ ಬೀಗ ಬಿದ್ದಿತ್ತು. ಮಣ್ಣು ಮಾಡಿ ಆಗಲೇ ಕೆಲವು ದಿನವಾಗಿತ್ತು. ಆದರೂ ಹೆಂಗಸರು ಉಡಿ ಹಿಡಿದುಕೊಂಡು ಆ ಬಾಗಿಲ ಮುಂದೆ ಸಾಲಾಗಿ ನಿಂತಿದ್ದರು.

“ಯಾಕ ನಿಂತೀರಿ ಯವ್ವಾ?” ಎಂದು ಕೇಳಿದೆ.

“ಗೊತ್ತಿಲ್ರೀ. ಕಾಲು ಇಲ್ಲಿಗೇ ಬರತಾವ” ಎಂದಳು ಒಬ್ಬ ಮುದುಕಿ.

ಅವರು ಇನ್ನೂ ಸ್ವಲ್ಪ ಹೊತ್ತು ಬೀಗ ನೋಡುತ್ತ ನಿಂತು, ಒಬ್ಬೊಬ್ಬರಾಗಿ ತುಂಬಿದ ಉಡಿಯೊಂದಿಗೇ ತಮ್ಮ ಮನೆಗಳಿಗೆ ಹೋದರು. ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ. ಓಣಿಯ ಒಲೆಗಳು ಹೊತ್ತಿದವು, ಮನೆಮನೆಯಿಂದ ಶೇಂಗಾ ಹುರಿಯುವ ವಾಸನೆ ಬಂತು. ಬೆಳಗಿನಿಂದ ಏನೂ ತಿಂದಿರದ ನನ್ನ ಬಾಯಲ್ಲಿ ನೀರೂರಿತು.