ಏಣಿಗೆ ಅಂಟಿದ ಆಜ್ಞೆ

ನಮ್ಮ ಭಾವ, ಅಕ್ಕನ ಗಂಡ, ಬಂದರಿನ ನ್ಯಾಯಾಲಯದಲ್ಲಿ ಅಮೀನರಾಗಿದ್ದರು. ಕೋರ್ಟಿನ ಆಜ್ಞೆಗಳನ್ನು ಮನೆ, ಅಂಗಡಿ, ಗೋದಾಮುಗಳ ಬಾಗಿಲಿಗೆ ಅಂಟಿಸಿ ಬರುವುದು ಅವರ ಕೆಲಸ. ಜೇಬಿನಲ್ಲಿ ಸದಾ ಗೋಂದಿನ ಸೀಸೆ ಇರುತ್ತಿದ್ದುದರಿಂದ ಎಲ್ಲರೂ ಅವರನ್ನು ಗೋಂದಪ್ಪ ಎನ್ನುತ್ತಿದ್ದರು. ಕೋಪ ಬಂದಾಗ ಅಕ್ಕನೂ.

ಹಡಗಿನ ಮೇಲಿನ ದಾವೆಯ ರೀತಿಯೇ ಬೇರೆ. ಮಾಲೀಕ ಯಾವುದೋ ದೇಶದಲ್ಲಿರುತ್ತಾನೆ, ಕೈಗೆ ಸಿಗುವುದಿಲ್ಲ. ಸಿಗುವುದು ದಡಕ್ಕೆ ಬಂದ ಹಡಗು. ಹಾಗಾಗಿ ಕಡಲ ಕಾನೂನು ಹಡಗನ್ನೇ ಪ್ರತಿವಾದಿ ಮಾಡಿ ಹಿಡಿದು ನಿಲ್ಲಿಸುವುದನ್ನು ಬಹಳ ಹಿಂದೆಯೇ ಕಲಿತಿತ್ತು. ಆಜ್ಞೆಯನ್ನು ಅದರ ಮೈಗೇ ಅಂಟಿಸಬೇಕು. ಅಂಟಿಸಿದ ಮೇಲೆ ಅದು ಕದಲುವಂತಿಲ್ಲ.

ಒಂದು ಹಡಗಿನಲ್ಲಿ ಸರಕು ಎತ್ತುವ ಸರಪಳಿ ಕಡಿದು ನಾವಿಕನೊಬ್ಬನ ಕಾಲು ಹೋಯಿತು. ಪರಿಹಾರ ಸಿಗಬೇಕಾದರೆ ಆ ಹಡಗು ಇಲ್ಲೇ ನಿಲ್ಲಬೇಕಿತ್ತು. “ಎಲ್ಲಿ ಹೋಗತ್ತೆ, ನಾನಿದೀನಲ್ಲ,” ಎಂದು ಭಾವ ಆಸ್ಪತ್ರೆಯಲ್ಲಿ ಅವನಿಗೆ ಧೈರ್ಯ ಹೇಳಿ, ಹಡಗು ನಿಂತಿದ್ದ ಧಕ್ಕೆಗೆ ಹೋದರು.

ದಡದಿಂದ ಹಡಗಿಗೆ ಉದ್ದನೆಯ ಏಣಿ ಹಾಕಿತ್ತು. ಕೆಲವು ಮೆಟ್ಟಿಲು ಹತ್ತಿದ್ದೇ ಸಂದಿಯಲ್ಲಿ ಕಪ್ಪು ನೀರು ಕಂಡಿತು. ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿದುಬಿಟ್ಟರು.

“ಏನ್ ಗೋಂದಪ್ಪನೋರೇ, ಮೇಲೆ ಹೋಗಲ್ವಾ?” ಎಂದ ಕಾವಲುಗಾರ.

“ಏಣಿನೂ ಹಡಗಿಂದೇ ತಾನೇ?”

“ನಿಮ್ಮ ಗೋಂದು, ನಿಮ್ಮಿಷ್ಟ,” ಎಂದು ಅವನು ನಕ್ಕ.

ಏಣಿಯ ಕಂಬಿಗೆ ಆಜ್ಞೆ ಅಂಟಿಸಿ ಭಾವ ಮನೆಗೆ ಬಂದರು. ಅದು ಬಂದರಿನ ಏಣಿಯೆಂದು ಅವರಿಗೆ ತಿಳಿಯದೇನಲ್ಲ. ಆಗ ಯೋಚಿಸಲು ಮನಸ್ಸಾಗಲಿಲ್ಲ, ಅಷ್ಟೆ.

ಬೆಳಿಗ್ಗೆ ಹಡಗು ಇರಲಿಲ್ಲ. ಏಣಿಯನ್ನು ದಡಕ್ಕೆ ತಳ್ಳಿ ಹೊರಟುಹೋಗಿತ್ತು. ಆಜ್ಞೆ ಒಂದು ಮೂಲೆಯೂ ಏಳದೆ ಕಂಬಿಗೆ ಅಂಟಿಕೊಂಡಿತ್ತು.

“ಹಡಗಿಗೇ ಅಂಟಿಸಿದ್ದೆ, ಅವರೇ ಕಿತ್ತು ಬಿಸಾಕಿದ್ರು ಅನ್ನಿ,” ಎಂದಳು ಅಕ್ಕ, ಅವರು ಕೋರ್ಟಿಗೆ ನಿಜ ಹೇಳಲು ಹೊರಟಾಗ. “ಹರಿಶ್ಚಂದ್ರ ಆಗೋಕೆ ಇವತ್ತೇ ಬೇಕಿತ್ತಾ?”

“ಕೋರ್ಟಿಗೆ ಏನಾದ್ರೂ ಹೇಳ್ಬಹುದು ಕಣೇ. ಆ ಹುಡುಗನಿಗೆ?”

ಕೋರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು. ನಾವಿಕ ಮೊಣಕೈ ಊರಿ ಎದ್ದು ಕೂತ.

“ನಿಲ್ಸಿದ್ರಾ ಅಮೀನರೇ?”

“ಇಲ್ಲ ಕಣಪ್ಪ. ಹೋಯ್ತು. ಏಣಿ ಹತ್ತೋಕೆ ನನಗೆ ಹೆದರಿಕೆ ಆಯ್ತು.”

ಅವನು ಸ್ವಲ್ಪ ಹೊತ್ತು ಅವರ ಎರಡೂ ಕಾಲುಗಳನ್ನು ನೋಡಿದ. ಆಮೇಲೆ ಗೋಡೆಯ ಕಡೆ ಹೊರಳಿದ. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ದಾದಿ ಬಂದು ಭೇಟಿಯ ಹೊತ್ತು ಮುಗಿಯಿತು ಎನ್ನುವವರೆಗೆ ಭಾವ ಮಂಚದ ಪಕ್ಕ ನಿಂತೇ ಇದ್ದರು.