ಕೆರೆ ದಂಡೆಯಲ್ಲಿ ಹೇಳಿದ ಸುಳ್ಳು

ಹಿಂದಿನ ಬೀದಿಯ ಆ ಹೊಲಿಗೆ ಅಂಗಡಿಗೆ ಈಗ ಬರುವುದೆಲ್ಲ ರಿಪೇರಿ ಕೆಲಸ. ಪ್ಯಾಂಟಿನ ಉದ್ದ ಮಡಚುವುದು, ಕೆಟ್ಟ ಜಿಪ್ಪು ಬದಲಿಸುವುದು, ತಾವು ದಪ್ಪಗಾಗಿದ್ದೇವೆಂದು ಒಪ್ಪದವರ ಸೊಂಟ ಸಡಿಲಿಸುವುದು. ಮಿಷನ್ ತುಳಿಯುವವಳು ಹೆಂಡತಿ. ಗಂಡ ಹೆಸರುವಾಸಿ ಕಟಿಂಗ್ ಮಾಸ್ಟರ್ ಆಗಿದ್ದವನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕೈ ಬಿತ್ತೇ ಹೊರತು ಬಾಯಿ ಬೀಳಲಿಲ್ಲ.

"ಹೊಲಿಗೆ ಓರೆ ಹೋಯ್ತು ನೋಡು. ದಾರ ಯಾಕಷ್ಟು ಬಿಗಿ ಮಾಡ್ತೀಯ?"

ಮೂಲೆಯ ಕುರ್ಚಿಯಿಂದ ಬೆಳಗಿನಿಂದ ಸಂಜೆಯವರೆಗೂ ಇದೇ ರಾಗ. ಅಂಗಡಿಯ ಹಿಂದೆಯೇ ಮನೆ, ಹಾಗಾಗಿ ಸಂಜೆಯ ಮೇಲೂ ಅದೇ. ಅವಳ ಪುಣ್ಯಕ್ಕೆ ಹತ್ತಿರದಲ್ಲೊಂದು ಕೆರೆಯಿತ್ತು. ಅಂಗಡಿ ಮುಚ್ಚಿದ ಕೂಡಲೇ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು. ದಂಡೆಯುದ್ದಕ್ಕೂ ಜೊಂಡು, ಅದರೊಳಗೆ ಗುಳುಗುಳು ಅನ್ನುವ ನೀರುಕೋಳಿಗಳು. ಅವಳ ಹೊಲಿಗೆಯ ಬಗ್ಗೆ ಅಲ್ಲಿ ಯಾರಿಗೂ ಏನೂ ಹೇಳುವುದಿರಲಿಲ್ಲ. ಒಂದು ಸುತ್ತು ಬರುವಷ್ಟರಲ್ಲಿ ಕುತ್ತಿಗೆಯ ನೋವು ಇಳಿದು, ತಲೆ ಹಗುರಾಗುತ್ತಿತ್ತು.

ಅಲ್ಲೇ ಪರಿಚಯವಾದವರು ನಿವೃತ್ತ ಟೀಚರಮ್ಮ. ಒಂದು ಸಂಜೆ ಜೊತೆಗೆ ನಡೆಯುತ್ತ, "ಮನೇಲಿ ಯಾರ್ಯಾರಿದ್ದೀರಮ್ಮ?" ಎಂದು ಕೇಳಿದರು.

"ಒಬ್ಬಳೇ," ಅಂದುಬಿಟ್ಟಳು. ಯಾಕಂದಳೋ ಅವಳಿಗೇ ಗೊತ್ತಿಲ್ಲ.

"ಅಯ್ಯೋ ಪಾಪ. ಯಜಮಾನರು ಹೋಗಿ ಬಹಳ ದಿನ ಆಯ್ತಾ?"

"ಎರಡು ವರ್ಷ ಆಯ್ತು."

ಹಾಗೆ ಹೇಳಿದ ಮೇಲೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೇ ಆಮೇಲೆ ರಾತ್ರಿ ಗಂಡನ ತಟ್ಟೆಗೆ ಅವನು ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದಳು. ನಾಳೆ ನಿಜ ಹೇಳಿಬಿಡಬೇಕೆಂದುಕೊಂಡಳು, ಆದರೆ ಮರುದಿನ ಟೀಚರಮ್ಮ ಕೈ ಹಿಡಿದುಕೊಂಡು ಸಮಾಧಾನ ಹೇಳಿದರು. ಸುಳ್ಳಿಗೆ ಕೈಕಾಲು ಬಂತು.

ಹೀಗಿರುವಾಗ ಒಂದು ಸಂಜೆ ನೋಡಿದರೆ ಗಂಡ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನಾನೂ ಬರ್ತೀನಿ ಕಣೇ. ಕೆರೆಯಿಂದ ಬಂದಾಗ ನಿನ್ನ ಮುಖವೇ ಬೇರೆ ಇರುತ್ತೆ. ಅಂಥದ್ದೇನಿದೆ ಅಲ್ಲಿ, ನೋಡ್ಬೇಕು."

ದಾರಿ ಸರಿಯಿಲ್ಲ ಅಂದಳು, ಮೋಡವಾಗಿದೆ ಅಂದಳು. ಅವನು ಜಗ್ಗಲಿಲ್ಲ. ಟೀಚರಮ್ಮ ಕೂರುವ ಬೆಂಚನ್ನು ತಪ್ಪಿಸಿ ಆಚೆ ದಂಡೆಯಿಂದ ಕರೆದುಕೊಂಡು ಹೋದಳು. ಅವನು ಜೊಂಡಿನ ಕಡೆ ನೋಡುತ್ತ ಮಗುವಿನಂತೆ ಸುಮ್ಮನಾಗಿದ್ದ. ಅಷ್ಟರಲ್ಲಿ ಟೀಚರಮ್ಮ ಎದುರಿಗೇ ಬಂದರು.

"ಅಣ್ಣನವರಾ? ಒಳ್ಳೇದಾಯ್ತು ಬಂದಿದ್ದು. ಯಜಮಾನರು ತೀರಿಕೊಂಡ ಮೇಲೆ ಪಾಪ ಒಬ್ಬರೇ ಇದ್ದಾರೆ. ಆಗಾಗ ಬರ್ತಾ ಇರಿ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಹೆಂಡತಿಯ ಮುಖ ನೋಡಿದ. ಅಲ್ಲಿ ಉತ್ತರ ಸಿಕ್ಕಿರಬೇಕು.

"ಹೌದಮ್ಮ, ಅಣ್ಣನೇ," ಅಂದ. ಸ್ವಲ್ಪ ತಡೆದು, "ನಮ್ಮ ಭಾವನ ಬಗ್ಗೆ ಏನಾದ್ರೂ ಹೇಳಿದ್ದಾಳಾ?"

"ಹೇಳದೆ ಇರ್ತಾರಾ? ಅವರು ಕತ್ತರಿ ಹಿಡಿದ್ರೆ ಬಟ್ಟೆ ತಾನೇ ದಾರಿ ಬಿಡ್ತಿತ್ತಂತೆ. ಕೆಲಸ ಮಾಡ್ತಾ ಹಾಡ್ತಿದ್ರಂತೆ. ಅಂಥವರು ಇನ್ನು ಸಿಗಲ್ಲ ಅಂತ ಕಣ್ಣೀರು ಹಾಕ್ತಾರೆ."

ಅದು ಮಾತ್ರ ಸುಳ್ಳಾಗಿರಲಿಲ್ಲ. ನಿಜವಾಗಿಯೂ ಅತ್ತಿದ್ದಳು. ಪಕ್ಕದಲ್ಲಿ ಕೋಲೂರಿ ನಿಂತವನು ಅದನ್ನು ಕೇಳಿಸಿಕೊಂಡದ್ದೇ ಅವಳ ಪಾಲಿಗೆ ಇನ್ನೂ ದೊಡ್ಡ ಶಿಕ್ಷೆಯಾಯಿತು.

ಮನೆಯ ದಾರಿಯಲ್ಲಿ ಅವನು ಕೋಲೂರುತ್ತ ಒಂದು ಹೆಜ್ಜೆ ಮುಂದೆಯೇ ನಡೆದ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಬೀದಿಯ ತಿರುವಿನಲ್ಲಿ ದಣಿವಾರಿಸಿಕೊಳ್ಳಲು ನಿಂತು ಕೇಳಿದ:

"ನಾನು ಸತ್ತಿದ್ದು ಹೇಗೆ ಅಂತ ಹೇಳಿದ್ದೀಯ?"

ಅವಳು ತಲೆಯೆತ್ತಲಿಲ್ಲ. "ನಿದ್ದೇಲಿ."

"ಸದ್ಯ," ಅಂದ. ಕೋಲನ್ನು ಎಡಗೈಯಲ್ಲಿ ಸರಿಯಾಗಿ ಹಿಡಿದುಕೊಂಡು ಹೆಜ್ಜೆ ಹಾಕಿದ. "ನಾಳೆಯಿಂದ ನೀನೊಬ್ಬಳೇ ಹೋಗಿ ಬಾ. ಅವರು ಕೇಳಿದ್ರೆ, ಅಣ್ಣ ಊರಿಗೆ ಹೋದ ಅಂತ ಹೇಳು."